ಬೀಗಿತ್ತಿ ಕಂಡ ಪುಟ್ಟ ಜನ

ಮಳೆ ಹಿಡಿದ ಮೇಲೆ ನಮ್ಮ ಊರಿನಲ್ಲಿ ಯಾರೂ ಯಾರನ್ನೂ "ಚೆನ್ನಾಗಿದ್ದೀರಾ?" ಎಂದು ಕೇಳುವುದಿಲ್ಲ. "ಯಾವ್ದು ತಿಂದ್ರಿ?" ಎಂದು ಕೇಳುತ್ತಾರೆ. ಉತ್ತರ ಬಂದ ಮೇಲೆ, ಚೆನ್ನಾಗಿದ್ದಾರೋ ಇಲ್ಲವೋ ಎಂಬುದನ್ನು ತಾವೇ ತೀರ್ಮಾನಿಸಿಕೊಳ್ಳುತ್ತಾರೆ.

ಚೀನಾದ ಯುನ್ನಾನಿನ ನಮ್ಮ ಗುಡ್ಡಗಳಲ್ಲಿ ಅಣಬೆ ಏಳುವ ಕಾಲವೆಂದರೆ ಹಾಗೆ. ಸರ್ಕಾರದ ಗಾಡಿಯೊಂದು ಬೀದಿ ಬೀದಿ ತಿರುಗಿ, "ಕಾಡಣಬೆ ಕೀಳಬೇಡಿ, ಕೊಳ್ಳಬೇಡಿ, ತಿನ್ನಬೇಡಿ" ಎಂದು ಧ್ವನಿವರ್ಧಕದಲ್ಲಿ ಸಾರುತ್ತದೆ. ಸಂತೆಯ ಮೂಲೆ ಬಂದಾಗ ಗಾಡಿ ನಿಲ್ಲುತ್ತದೆ. ಚಾಲಕ ಇಳಿದು, ಚೌಕಾಸಿ ಮಾಡಿ, ಒಂದು ಬುಟ್ಟಿ ಅಣಬೆ ಕೊಂಡು, ಮತ್ತೆ ಸಾರುತ್ತಾ ಮುಂದೆ ಹೋಗುತ್ತಾನೆ. ಇದರಲ್ಲಿ ನಗುವಂಥದ್ದೇನೂ ನಮಗೆ ಇದುವರೆಗೆ ಕಂಡಿಲ್ಲ.

ಈ ಅಣಬೆಗಳಲ್ಲಿ ಒಂದಕ್ಕೆ 'ಮುಟ್ಟಿದರೆ-ನೀಲಿ' ಎಂದು ಹೆಸರು. ಕೈ ತಾಗಿದಲ್ಲೆಲ್ಲ ಪೆಟ್ಟು ಬಿದ್ದಂತೆ ನೀಲಿಗಟ್ಟುತ್ತದೆ. ತೆಳ್ಳಗೆ ಹೆಚ್ಚಿ, ಬೆಳ್ಳುಳ್ಳಿ ಹಾಕಿ, ಎಣ್ಣೆಯಲ್ಲಿ ಚೆನ್ನಾಗಿ ಬೇಯಿಸಿದರೆ ಅದರ ರುಚಿಗೆ ಸಾಟಿಯಿಲ್ಲ. ಅರೆಬೆಂದರೆ ಮಾತ್ರ ತಿಂದವರಿಗೆ ಪುಟ್ಟ ಜನ ಕಾಣಿಸತೊಡಗುತ್ತಾರೆ. ಗೇಣುದ್ದದವರು, ಮೊಳದುದ್ದದವರು, ಬಣ್ಣಬಣ್ಣದ ಬಟ್ಟೆ ತೊಟ್ಟು ಗೋಡೆಯ ಮೇಲೆ ನಡೆಯುತ್ತಾರೆ, ಬಟ್ಟಲಿನ ಅಂಚಿನಲ್ಲಿ ಕುಣಿಯುತ್ತಾರೆ. ಬೇರೆ ಊರಿನವರು ಚಿಕ್ಕಂದಿನಲ್ಲಿ ದಡಾರ ಬಂದದ್ದನ್ನು ಹೇಳಿಕೊಳ್ಳುವ ಹಾಗೆ ನಮ್ಮವರು ಪುಟ್ಟ ಜನ ಕಂಡದ್ದನ್ನು ಹೇಳಿಕೊಳ್ಳುತ್ತಾರೆ. ಆಸ್ಪತ್ರೆಗೆ ಹೋಗುತ್ತಾರೆ, ಮಲಗುತ್ತಾರೆ, ಪುಟ್ಟ ಜನ ತಮ್ಮ ಪಾಡಿಗೆ ತಾವು ಹೊರಟುಹೋಗುತ್ತಾರೆ. ಎಲ್ಲ ಅಣಬೆಗಳೂ ಇಷ್ಟು ಸೌಮ್ಯವಲ್ಲ. ಗೋರಿಗೆ ಕಳಿಸುವವೂ ನಮ್ಮ ಗುಡ್ಡದಲ್ಲಿವೆ. ಆದ್ದರಿಂದ ನಮ್ಮವರು ಬಾಣಲೆಯನ್ನು ನೋಡುವ ಬಗೆಯಲ್ಲಿ ಸ್ವಲ್ಪ ಭಕ್ತಿ, ಸ್ವಲ್ಪ ಭಯ ಎರಡೂ ಇರುತ್ತವೆ.

ನನ್ನ ಎದುರುಮನೆಯ ಪು ಗುವಾಂಗ್‌ಲಿನ್‌ನಲ್ಲಿ ಭಕ್ತಿ ಮಾತ್ರ ಇತ್ತು. ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ಓದುವ ಕೆಲಸ ಮಾಡಿ ನಿವೃತ್ತನಾದ ಅವನು ಯಾರಿಗೂ ಕೇಡು ಬಗೆದವನಲ್ಲ. ಒಂದು ಮಳೆಗಾಲದಲ್ಲಿ ಅವನ ರಕ್ತದೊತ್ತಡ ಇಳಿಯಿತು. ಹೆಂಡತಿ ಗುಯಿಶಿಯೆನ್, ತಾನು ದಿನಾ ಬೆಳಿಗ್ಗೆ ಮರೆಯದೆ ಕೊಟ್ಟ ಮಾತ್ರೆಯಿಂದ ಇಳಿಯಿತು ಎಂದಳು. ಅವನು, ದಿನಾ ಸಂಜೆ ಮರೆಯದೆ ತಿಂದ ಅಣಬೆಯಿಂದ ಇಳಿಯಿತು ಎಂದ. ಅಂದಿನಿಂದ ಅವನು ವೈದ್ಯನಾದ. ಹುತ್ತದ ಅಣಬೆ ಹೊಟ್ಟೆಗೆ, ಬಿಳಿ ಕಿವಿಯಣಬೆ ಎದೆಗೆ, ಹಳದಿ ಅಣಬೆ ಕಣ್ಣಿಗೆ, ಒಣಮಾಂಸದಂಥ ಕರಿ ಅಣಬೆ ಕೀಲಿಗೆ. ಬೀದಿಯಲ್ಲಿ ಯಾರಾದರೂ ಕೆಮ್ಮಿದರೆ ಸಾಕು, ಇವನು ನಿಂತುಬಿಡುತ್ತಿದ್ದ. ಜನ ಕೆಮ್ಮು ಬಂದರೂ ಅವನ ಮನೆ ದಾಟುವ ತನಕ ತಡೆದುಕೊಳ್ಳುತ್ತಿದ್ದರು.

ನಾನು ಇಲ್ಲಿನ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರದ ಮೇಷ್ಟ್ರು. ತನ್ನ ವೈದ್ಯಕ್ಕೆ ಶಾಸ್ತ್ರದ ಒಪ್ಪಿಗೆ ಬೇಕೆಂದು ಅವನು ನನ್ನಲ್ಲಿಗೆ ಬಂದಿದ್ದ. ಅಣಬೆಯಲ್ಲಿ ನಾರಿದೆ, ಪ್ರೋಟೀನ್ ಇದೆ, ಬಿಸಿಲು ಕಂಡ ಅಣಬೆಯಲ್ಲಿ ಡಿ ಜೀವಸತ್ವವಿದೆ, ಕೊಬ್ಬು ಕಡಿಮೆ, ಆದ್ದರಿಂದ ಒಳ್ಳೆಯ ಆಹಾರ ಎಂದು ನಾನು ಹೇಳಿದೆ. ಅದರ ಕೆಲವು ಸತ್ವಗಳು ಪ್ರಯೋಗಾಲಯದ ಇಲಿಗಳಿಗೆ ಒಳ್ಳೆಯದು ಮಾಡಿದಂತೆ ಕಂಡಿದೆ, ಮನುಷ್ಯರ ವಿಷಯದಲ್ಲಿ ಗಟ್ಟಿಯಾಗಿ ಹೇಳುವಷ್ಟು ಇನ್ನೂ ತಿಳಿದಿಲ್ಲ ಎಂದೂ ಸೇರಿಸಿದೆ. ಅವನು ನನಗೆ ನಮಸ್ಕರಿಸಿ ಹೊರಗೆ ಹೋಗಿ ಬೀದಿಗೆಲ್ಲ ಹೇಳಿದ: "ದುವಾನ್ ಮೇಷ್ಟ್ರೇ ಹೇಳಿದ್ದಾರೆ. ಇಲಿಗಳೆಲ್ಲ ವಾಸಿಯಾಗಿವೆ. ಇನ್ನು ನಮ್ಮ ಸರದಿ."

ಇಂಥವನ ಮನೆಗೆ ಬೀಗಿತ್ತಿ ಬರುವವಳಿದ್ದಳು.

ಮಗಳು ಶಾವ್‌ಯುನ್ ಮೆಚ್ಚಿದ ಹುಡುಗ ಸೋಂಗ್ ಲೇ ಉತ್ತರದ ಶಾನ್‌ತುಂಗ್ ಕಡೆಯವನು. ನಮ್ಮ ಗುಡ್ಡದಲ್ಲಿ ಸುರಂಗ ಕೊರೆಯುವ ಕೆಲಸಕ್ಕೆ ಬಂದು ಇಲ್ಲೇ ನಿಲ್ಲುವ ಮನಸ್ಸು ಮಾಡಿದ್ದ. ಅವನ ತಾಯಿ ಚೂ ಶೂಜೆನ್ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಯುನ್ನಾನಿನವರು ಅಣಬೆ ತಿಂದು ಸಾಯುತ್ತಾರೆ ಎಂದು ಅವರ ತಮ್ಮ ಎಲ್ಲೋ ಓದಿ ಹೇಳಿದ್ದನಂತೆ. "ನನ್ನ ಮಗ ಬಾಳಬೇಕಾದ ಮನೆ ನಂಬುವಂಥದ್ದೋ ಅಲ್ಲವೋ, ಕಣ್ಣಾರೆ ನೋಡ್ತೀನಿ. ಆಮೇಲೆ ಮದುವೆ ಮಾತು," ಎಂದು ಅವರು ಒಬ್ಬರೇ ರೈಲು ಹತ್ತಿದ್ದರು.

ಬರುವ ದಿನ ಬೆಳಿಗ್ಗೆ ಶಾವ್‌ಯುನ್ ಅಪ್ಪನನ್ನು ಅಡುಗೆಮನೆಯ ಬಾಗಿಲಲ್ಲಿ ಅಡ್ಡಗಟ್ಟಿದಳು.

"ಅಪ್ಪಾ, ವಿಷ ಅನ್ನೋ ಮಾತು ಇವತ್ತು ನಿಮ್ಮ ಬಾಯಲ್ಲಿ ಬರಬಾರ್ದು. ಪುಟ್ಟ ಜನ ಅಂತೂ ಬೇಡವೇ ಬೇಡ."

"ನಾನ್ಯಾಕೆ ಹೇಳ್ಲಿ? ನಾನು ಯಾವತ್ತಿದ್ರೂ ಗುಣ ಹೇಳೋನು."

"ಗುಣಾನೂ ಸ್ವಲ್ಪ ಕಮ್ಮಿ ಹೇಳಿ."

"ಅದು ಹೆಂಗಾಗುತ್ತೆ? ಬಂದವರಿಗೆ ಏನು ತಿಂತಿದ್ದೀವಿ ಅಂತ ಗೊತ್ತಾಗ್ಬೇಡ್ವಾ?" ಎಂದು ಅವನು, ಎದುರುಮನೆಯಿಂದ ಆಗ ತಾನೇ ಬಂದಿದ್ದ ನನ್ನ ಕಡೆ ತಿರುಗಿದ. "ಮೇಷ್ಟ್ರೇ, ನೀವೂ ಊಟಕ್ಕೆ ಬನ್ನಿ. ಮಾತಾಡೋದು ಬೇಡ. ನಾನು ಹೇಳ್ದಾಗ ತಲೆ ಆಡ್ಸಿ, ಸಾಕು."

ಊಟಕ್ಕೆ ಅಂದು ಏಳು ಬಗೆಯ ಅಣಬೆ. ಬೀಗಿತ್ತಿ ನೆಟ್ಟಗೆ ಕುಳಿತಿದ್ದರು. ಅವರ ದೃಷ್ಟಿ ಮೊದಲು ನಮ್ಮ ಮುಖಕ್ಕೆ ಬಂದು, ಆಮೇಲೆ ನಮ್ಮ ಕೈಗೆ ಇಳಿಯುತ್ತಿತ್ತು. ನನಗೆ ಎರಡು ಸಲ ಜೇಬು ತಡವಿಕೊಳ್ಳಬೇಕೆನಿಸಿತು. ನಡುಮೇಜಿನ ಒಲೆಯ ಮೇಲೆ ಮುಟ್ಟಿದರೆ-ನೀಲಿ ಕುದಿಯುತ್ತಿತ್ತು. ಗುಯಿಶಿಯೆನ್ ಸೌಟು ಹಿಡಿದು ಕಾವಲು ನಿಂತಿದ್ದಳು. ಅವಳು ಹೇಳುವ ತನಕ ಯಾರೂ ಊಟದ ಕಡ್ಡಿ ಮುಟ್ಟುವಂತಿಲ್ಲ, ಇದು ನಮ್ಮಲ್ಲಿ ಹಸುಗೂಸಿಗೂ ಗೊತ್ತು. ಎಲ್ಲರೂ ಗೋಡೆಯ ಗಡಿಯಾರ ನೋಡುತ್ತಿದ್ದೆವು.

"ಯಾರಾದ್ರೂ ಬರೋದಿದ್ಯಾ?" ಬೀಗಿತ್ತಿ ಕೇಳಿದರು. "ಎಲ್ಲರೂ ಗಡಿಯಾರ ನೋಡ್ತಿದ್ದೀರಿ."

"ಔಷಧಿ ಗುಣ, ಅಕ್ಕಾ," ಎಂದ ಪು. "ಹೊತ್ತು ತುಂಬಿದ ಮೇಲೇ ಗುಣ ರಸಕ್ಕಿಳಿಯೋದು. ಅವಸರ ಮಾಡಿದ್ರೆ ಮುನಿಸ್ಕೊಳ್ಳುತ್ತೆ. ಅಲ್ವಾ ಮೇಷ್ಟ್ರೇ?"

ನಾನು ತಲೆಯಾಡಿಸಿದೆ. ಒಂದು ಅರ್ಥದಲ್ಲಿ ಅದು ಸುಳ್ಳೂ ಅಲ್ಲ.

ಹೊತ್ತು ತುಂಬಿತು. ಗುಯಿಶಿಯೆನ್ ಮೊದಲ ಸೌಟನ್ನು ಒಂದು ಪುಟ್ಟ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು, ಫ್ರಿಜ್ಜಿನಲ್ಲಿಟ್ಟಳು. ಏನಾದರೂ ಹೆಚ್ಚುಕಡಿಮೆಯಾದರೆ ಆಸ್ಪತ್ರೆಯವರಿಗೆ ತೋರಿಸಲು ಒಂದು ಪಾಲು ಎತ್ತಿಡುವುದು ಅವಳ ಪದ್ಧತಿ. ಬೀಗಿತ್ತಿಯ ಕಣ್ಣು ಡಬ್ಬಿಯ ಹಿಂದೆಯೇ ಹೋಯಿತು.

"ಅದು ಯಾರಿಗೆ?"

ಶಾವ್‌ಯುನ್ ಅನ್ನದ ಬಟ್ಟಲಿನೊಳಗೆ ಮುಖ ಹುದುಗಿಸಿದಳು.

"ಹಿರಿಯರಿಗೆ," ಎಂದ ಪು. "ನಮ್ಮಲ್ಲಿ ಮೊದಲ ತುತ್ತು ಹಿರಿಯರಿಗೆ ಎಡೆ."

"ಫ್ರಿಜ್ಜಲ್ಲಾ?"

"ನಮ್ಮ ಹಿರಿಯರು ತಣ್ಣಗಿದ್ರೇನೇ ಮುಟ್ಟೋದು."

ಬೀಗಿತ್ತಿ ಸಂಪ್ರದಾಯಸ್ಥರು. ಎದ್ದು ಹೋಗಿ ಫ್ರಿಜ್ಜಿಗೆ ಕೈಮುಗಿದು ಬಂದರು. ಬೇರೆ ದಾರಿಯಿಲ್ಲದೆ ನಾವೂ ಒಬ್ಬೊಬ್ಬರಾಗಿ ಎದ್ದು ಕೈಮುಗಿದೆವು.

ಆಮೇಲೆ ಊಟ ಸೊಗಸಾಗಿ ಸಾಗಿತು. ಬೀಗಿತ್ತಿ ನಿದ್ರೆ ಕಡಿಮೆ ಎಂದರೆ ಪು ಒಂದು ತಟ್ಟೆ ಮುಂದೆ ತಳ್ಳಿದ. ಎದೆಯುರಿ ಎಂದರೆ ಇನ್ನೊಂದು. ಮೊದಮೊದಲು ತುದಿನಾಲಿಗೆಯಲ್ಲಿ ತಿನ್ನುತ್ತಿದ್ದವರು ಮುಟ್ಟಿದರೆ-ನೀಲಿಯನ್ನು ಎರಡನೆಯ ಸಲ ತಾವೇ ಬಡಿಸಿಕೊಂಡರು. ಕೊನೆಗೆ, "ನಮ್ಮ ತಮ್ಮ ಏನೇನೋ ಓದ್ತಾನೆ. ಇಷ್ಟು ರುಚಿ ಇರೋದನ್ನ ತಿಂದು ಯಾರು ಸಾಯ್ತಾರೆ?" ಎಂದರು. ಪು ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ. ಮದುವೆ ಕೂಡಿತು ಎಂದೇ ನಾವೆಲ್ಲ ತಿಳಿದೆವು.

ಬೀಗಿತ್ತಿ ಕೈ ತೊಳೆಯಲು ಅಡುಗೆಮನೆಗೆ ಹೋದರು. ನೀರು ಬೀಳುವ ಸದ್ದು ನಿಂತಿತು. ಅವರು ನಗುವುದು ಕೇಳಿಸಿತು.

"ಅಯ್ಯೋ, ಎಷ್ಟು ಮುದ್ದಾಗಿದ್ದಾರೆ! ಬನ್ನಿ ಇಲ್ಲಿ, ಗೋಡೆ ಮೇಲೆ ಪುಟ್ಟ ಪುಟ್ಟ ಜನ ಕುಣೀತಿದ್ದಾರೆ!"

ಸೋಂಗ್ ಲೇ ಕೈಯಿಂದ ಕಡ್ಡಿಗಳು ಜಾರಿ ನೆಲಕ್ಕೆ ಬಿದ್ದವು. ಆ ಸದ್ದು ನನಗೆ ಇವತ್ತಿಗೂ ಕೇಳಿಸುತ್ತದೆ.

ಈಗ ಓದುಗರು ಕೇಳಬಹುದು: ಒಬ್ಬರಾದರೂ ಕಿಟಕಿಯ ಹತ್ತಿರ ಹೋಗಿ ನೋಡಬಾರದಿತ್ತೇ? ನೋಡಿದ್ದರೆ, ಪಕ್ಕದ ಶಿಶುವಿಹಾರದ ತಾರಸಿಯ ಮೇಲೆ ಮಕ್ಕಳು ಅಣಬೆಯ ವೇಷ ಹಾಕಿಕೊಂಡು, ಮುಂದಿನ ತಿಂಗಳ ಅಣಬೆ ಹಬ್ಬದ ಕುಣಿತ ಅಭ್ಯಾಸ ಮಾಡುತ್ತಿದ್ದದ್ದು ಕಾಣುತ್ತಿತ್ತು. ಅವರು ಹತ್ತಿ ನಿಂತಿದ್ದ ಬೆಂಚು ತಾರಸಿಯ ಗೋಡೆಯ ಹಿಂದಿದ್ದು ಕೆಳಗಿನಿಂದ ಕಾಣದ ಕಾರಣ ಅವರು ಗೋಡೆಯ ಮೇಲೇ ನಡೆಯುತ್ತಿರುವಂತೆ ತೋರುತ್ತಿತ್ತು. ಆದರೆ ಓದುಗರು ನಮ್ಮ ಊರಿನವರಲ್ಲ. ಪುಟ್ಟ ಜನ ಕಂಡರು ಎಂದು ಯಾರಾದರೂ ಕೂಗಿದರೆ ನಮ್ಮವರು ಕಿಟಕಿ ನೋಡುವುದಿಲ್ಲ, ಬಾಣಲೆ ನೋಡುತ್ತಾರೆ. ನಾವು ಐವರೂ ಬಾಣಲೆಯ ಮೇಲೆ ಬಾಗಿದೆವು. ಗುಯಿಶಿಯೆನ್ ಒಂದು ಚೂರನ್ನು ಕಡ್ಡಿಯಲ್ಲಿ ಎತ್ತಿ ಬೆಳಕಿಗೆ ಹಿಡಿದು, "ಬೆಂದಿದೆ. ನನ್ನಾಣೆ ಬೆಂದಿದೆ," ಎಂದು ಪಿಸುಗುಟ್ಟಿದಳು. ಸೋಂಗ್ ಲೇ ಹೊರಗಿನವನಾದ್ದರಿಂದ ಆಮೇಲೆ ಕಿಟಕಿಗೆ ಓಡಿದ. ಅಷ್ಟರಲ್ಲಿ ಶಿಶುವಿಹಾರದಲ್ಲಿ ಹಾಲು ಕುಡಿಯುವ ಗಂಟೆಯಾಗಿ ಮಕ್ಕಳು ಕೆಳಗಿಳಿದಿದ್ದರು. ಅವನು ಬಿಳಿಚಿಕೊಂಡು ವಾಪಸ್ಸು ಬಂದು, "ಗೋಡೆ ಮೇಲೆ ಯಾರೂ ಇಲ್ಲ," ಎಂದ.

ಅಲ್ಲಿಗೆ ರೋಗ ಖಚಿತವಾಯಿತು.

"ಪುಟ್ಟ ಜನ ಬರಕ್ಕೆ ಗಂಟೆಗಟ್ಲೆ ಬೇಕಾಗುತ್ತೆ. ಇನ್ನೂ ಈಗ ತಾನೇ ತಿಂದಿದ್ದಾರೆ," ಎಂದು ನಾನು ಶಾಸ್ತ್ರ ಹೇಳಿದೆ.

"ಅದು ನಮಗೆ, ಮೇಷ್ಟ್ರೇ," ಎಂದ ಪು. "ಶಾನ್‌ತುಂಗಿನ ಹೊಟ್ಟೆ ಅಭ್ಯಾಸ ಇಲ್ಲದ್ದು. ನೇರ ತಲೆಗೇ ಹತ್ತಿದೆ."

ಬೀಗಿತ್ತಿಯನ್ನು ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಆದರೆ ಯಾಕೆ ಎಂದು ಹೇಳುವಂತಿಲ್ಲ; ಹೇಳಿದರೆ ಮದುವೆ ಮುರಿಯಿತು. ಪು ಗುವಾಂಗ್‌ಲಿನ್ ಜೀವನದಲ್ಲಿ ಅಷ್ಟು ಬೇಗ ಎಂದೂ ಯೋಚಿಸಿರಲಾರ. ಅಡುಗೆಮನೆಯಿಂದ ಹೊರಬಂದ ಬೀಗಿತ್ತಿಗೆ ಅವನು ಹಲ್ಲು ಕಿರಿದು, "ಅಕ್ಕಾ, ಊಟ ಕರಗ್ಬೇಕಲ್ಲ, ಊರು ತೋರಿಸ್ತೀನಿ ಬನ್ನಿ. ಮೊದಲು ನಮ್ಮ ಆಸ್ಪತ್ರೆ ನೋಡ್ಬೇಕು," ಎಂದ.

"ಆಸ್ಪತ್ರೆಲಿ ನೋಡೋದೇನಿದೆ?"

"ಹಂಗನ್ಬೇಡಿ. ರಾಜಧಾನಿ ಕುನ್‌ಮಿಂಗಿಂದ ಜನ ಬಂದು ನೋಡ್ತಾರೆ. ಮೆಟ್ಟಿಲೆಲ್ಲ ಹೊಸದು."

ಕೆಳಗೆ ಮೆಟ್ಟಿಲ ಬುಡದಲ್ಲಿ ತಾವ್ ಅಜ್ಜಿ ಅವರೆಕಾಯಿ ಸುಲಿಯುತ್ತಾ ಕುಳಿತಿದ್ದಳು. ನಮ್ಮ ಕಟ್ಟಡದಲ್ಲಿ ಅವಳ ಕಣ್ಣು ತಪ್ಪಿಸಿ ಬೆಕ್ಕೂ ದಾಟುವಂತಿಲ್ಲ.

"ಏನ್ರೋ ಪು, ಊರಿಗೂರೇ ಎದ್ದು ಹೊರಟಿದ್ದೀರಿ?"

"ಬೀಗಿತ್ತಿಗೆ ಊರು ತೋರ್ಸಕ್ಕೆ, ಅಜ್ಜಿ. ತಡ ಆಗುತ್ತೆ, ಬರ್ತೀವಿ."

ಬೀಗಿತ್ತಿ ಮರ್ಯಾದಸ್ಥೆ, ಹಿರಿಯರನ್ನು ಕಂಡು ಮಾತಾಡಿಸದೆ ಹೋಗುವವರಲ್ಲ. "ನಿಮ್ಮೂರು ತುಂಬ ಚೆನ್ನಾಗಿದೆ, ಅಜ್ಜಿ. ಈಗ ತಾನೇ ಗೋಡೆ ಮೇಲೆ ಪುಟ್ಟ ಜನ ಕುಣಿಯೋದು ನೋಡ್ದೆ," ಎಂದರು.

ತಾವ್ ಅಜ್ಜಿ ಕಾಯಿ ಸುಲಿಯುವುದನ್ನು ನಿಲ್ಲಿಸಲೂ ಇಲ್ಲ. "ಓ, ಬಂದ್ರಾ? ನಂಗೆ ಬಂದವರು ಕೋಳಿ ಸವಾರಿ ಮಾಡ್ತಿದ್ರಮ್ಮ. ನಿಮ್ಮವರು ನಡ್ಕೊಂಡೇ ಬಂದ್ರಾ? ಪಾಪ, ಬಡವರು."

"ಅಜ್ಜೀ!" ಎಂದು ಪು ಕೆಮ್ಮಿದ.

"ಕೆಮ್ಮಬೇಡ್ವೋ, ನಿನ್ನ ಕೆಮ್ಮಿಗೆ ಯಾವ ಅಣಬೆ ಅಂತ ನಾನು ಹೇಳ್ಬೇಕಾಗುತ್ತೆ."

ಆಸ್ಪತ್ರೆಯಲ್ಲಿ ಡಾಕ್ಟರ್ ಯಿನ್ ಬಾಗಿಲಲ್ಲೇ ಸಿಕ್ಕರು. ಮಳೆಗಾಲ ಪೂರ್ತಿ ಅವರು ಇದೇ ವಾರ್ಡಿನಲ್ಲಿರುತ್ತಾರೆ. ಬೀಗಿತ್ತಿ ಹೊಸ ಮೆಟ್ಟಿಲುಗಳನ್ನು ನೋಡುತ್ತಿರುವಾಗ ಪು ಅವರ ಬೆನ್ನ ಹಿಂದೆ ನಿಂತು, ಕೈಯನ್ನು ನೆಲದಿಂದ ಒಂದು ಮೊಳ ಎತ್ತರಕ್ಕೆ ಹಿಡಿದು ತೋರಿಸಿದ. ಎರಡು ಬೆರಳಿನಿಂದ ಗಾಳಿಯಲ್ಲಿ ನಡೆದು ತೋರಿಸಿದ. ಡಾಕ್ಟರಿಗೆ ಅಷ್ಟು ಸಾಕಾಯಿತು. ಸೋಂಗ್ ಲೇ ಹತ್ತಿರ ಬಂದು ಮದುವೆಯ ಸಂಕಟವನ್ನು ಕಿವಿಯಲ್ಲಿ ಹೇಳಿದ. ಡಾಕ್ಟರ್ ಯಿನ್ ಒಳ್ಳೆಯ ಮನುಷ್ಯ. ಬೀಗಿತ್ತಿಯನ್ನು ಕುರ್ಚಿಯಲ್ಲಿ ಕೂರಿಸಿ, "ಹೊರಗಿಂದ ಬಂದವರ ಅಭಿಪ್ರಾಯ ಕೇಳ್ತಾ ಇದ್ದೀವಿ, ಅಮ್ಮ. ನಮ್ಮೂರಲ್ಲಿ ಏನೇನು ನೋಡಿದ್ರಿ?" ಎಂದರು.

"ಬಂದು ಅರ್ಧ ದಿನ ಆಗಿಲ್ಲ. ಪುಟ್ಟ ಜನರ ಕುಣಿತ ನೋಡ್ದೆ."

"ಹೇಗಿದ್ರು?"

ಟಿಕೆಟ್ ತಪಾಸಣೆಯವರ ಕಣ್ಣಿಗೆ ಯಾವುದೂ ತಪ್ಪುವುದಿಲ್ಲ. "ಕೆಂಪು ಟೋಪಿ, ಕೊಡೆಯಷ್ಟು ಅಗಲ. ಮೇಲೆ ಬಿಳಿ ಚುಕ್ಕಿ. ಎರಡು ಸಾಲಲ್ಲಿದ್ರು. ಮುಂದಿನ ಸಾಲು ಅಚ್ಚುಕಟ್ಟಾಗಿ ಕುಣೀತಿತ್ತು. ಹಿಂದಿನ ಸಾಲಲ್ಲಿ ಒಬ್ಬ ತಾಳ ತಪ್ತಿದ್ದ. ಮೂಗಲ್ಲಿ ಬೆರಳಿಟ್ಕೊಂಡಿದ್ದ."

ಡಾಕ್ಟರ್ ನನ್ನ ಕಿವಿಗೆ ಬಾಗಿ, "ಇಷ್ಟು ವರ್ಷದಲ್ಲಿ ಮೂಗಲ್ಲಿ ಬೆರಳಿಟ್ಟವನು ಯಾರಿಗೂ ಕಂಡಿಲ್ಲ, ಮೇಷ್ಟ್ರೇ. ತುಂಬ ಏರಿದೆ," ಎಂದರು. ಮತ್ತೆ ಬೀಗಿತ್ತಿಯ ಕಡೆ ತಿರುಗಿ ಮೃದುವಾಗಿ, "ಈಗ ಅವರೆಲ್ಲ ಎಲ್ಲಿದ್ದಾರೆ?" ಎಂದು ಕೇಳಿದರು.

"ನಂಗೇನ್ ಗೊತ್ತು? ಅವರವರ ಮನೆಗೆ ಹೋಗಿರ್ತಾರೆ. ಅವರಿಗೂ ಅಪ್ಪ ಅಮ್ಮ ಇರಲ್ವಾ?"

"ಅಪ್ಪ ಅಮ್ಮನೂ ಇದ್ದಾರೆ!" ಎಂದು ನರ್ಸ್ ಉಸಿರೆಳೆದುಕೊಂಡಳು.

ಒಂದೇ ಬಾಣಲೆಯಿಂದ ತಿಂದವರೆಲ್ಲರೂ ಮಲಗಲೇಬೇಕು ಎಂಬುದು ವಾರ್ಡಿನ ನಿಯಮ. ನಮಗೆ ಸಾಲಾಗಿ ಆರು ಹಾಸಿಗೆ ಸಿದ್ಧವಾಯಿತು. ಪು ಬೀಗಿತ್ತಿಗೆ, "ಇದು ಪ್ರವಾಸಿಗಳ ವಿಶ್ರಾಂತಿ ಕೋಣೆ," ಎಂದ. ಅವರು ಅನುಮಾನದಿಂದಲೇ ಹಾಸಿಗೆಯ ಅಂಚಿನಲ್ಲಿ ಕುಳಿತರು. ನರ್ಸ್ ಸೂಜಿ ಹಿಡಿದು ಬಂದು ಅವರ ತೋಳಿಗೆ ಪಟ್ಟಿ ಬಿಗಿದಳು.

"ಊರು ನೋಡಕ್ಕೆ ಬಂದವರ ರಕ್ತ ಯಾಕ್ರೀ ತಗೋತೀರಿ?"

ಎಲ್ಲರೂ ಪು ಮುಖ ನೋಡಿದೆವು. ಅವನು ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದು, "ನೆನಪಿಗೆ, ಅಕ್ಕಾ," ಎಂದ.

ಇನ್ನೂ ಎಷ್ಟು ದೂರ ಈ ಬಂಡಿ ಓಡುತ್ತಿತ್ತೋ ತಿಳಿಯದು. ಅಷ್ಟರಲ್ಲಿ ಆಹಾರ ತಪಾಸಣೆಯ ಅಧಿಕಾರಿ ಗಾವ್ ಬಂದರು. ಅಣಬೆ ಪ್ರಕರಣ ದಾಖಲಾದರೆ ಆಸ್ಪತ್ರೆಯವರು ಅವರಿಗೆ ಹೇಳಿ ಕಳಿಸಬೇಕು. ತಾವ್ ಅಜ್ಜಿಯಿಂದ ಬೀಗದ ಕೈ ಇಸಿದುಕೊಂಡು, ನೇರ ಪು ಮನೆಗೆ ಹೋಗಿ, ಫ್ರಿಜ್ಜಿನ ಡಬ್ಬಿಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದುಕೊಂಡು ಬಂದಿದ್ದರು. ಬಾಗಿಲಲ್ಲಿ ನಿಂತು, ಬೀದಿಗಾಡಿಯ ಧ್ವನಿವರ್ಧಕಕ್ಕೆ ದನಿ ಕೊಟ್ಟದ್ದು ತಾವೇ ಎಂಬುದು ಎಲ್ಲರಿಗೂ ತಿಳಿಯುವ ಹಾಗೆ ಕೇಳಿದರು:

"ಇಲ್ಲಿ ವಿಷ ತಿಂದವರು ಯಾರು?"

ಬೀಗಿತ್ತಿ ಡಬ್ಬಿಯನ್ನು ನೋಡಿದರು. ಪು ಮುಖ ನೋಡಿದರು. ಆಮೇಲೆ ಅವನ ಕೈ ನೋಡಿದರು.

"ಅದು ನಿಮ್ಮ ಹಿರಿಯರ ಎಡೆ ಅಲ್ವಾ?"

ಪು ತನ್ನ ಕಂಬಳಿಯ ಅಂಚನ್ನು ಮಡಚತೊಡಗಿದ.

"ನಾನು ಅದಕ್ಕೆ ಕೈಮುಗಿದಿದ್ದೀನಿ."

ಹೇಳಬೇಕಾದದ್ದನ್ನು ಕೊನೆಗೆ ಡಾಕ್ಟರ್ ಯಿನ್ ಹೇಳಿದರು. ಮುಟ್ಟಿದರೆ-ನೀಲಿ ಎಂದರೇನು, ಅರೆಬೆಂದರೆ ಏನಾಗುತ್ತದೆ, ಪುಟ್ಟ ಜನ ಯಾರು, ಹೆದರುವಂಥದ್ದೇನಿಲ್ಲ, ನಾಳೆಯ ಹೊತ್ತಿಗೆ ಹೊರಟುಹೋಗುತ್ತಾರೆ ಎಂದೆಲ್ಲ. ಬೀಗಿತ್ತಿ ಕೊನೆಯ ತನಕ ಕೇಳಿಸಿಕೊಂಡರು.

"ಅಂದ್ರೆ, ನಾನು ಕಂಡವರು ಅಲ್ಲಿ ಇರ್ಲಿಲ್ಲ ಅಂತೀರಾ?"

"ಇರ್ಲಿಲ್ಲ ಅಂತಲ್ಲಮ್ಮ. ನಿಮ್ಮ ಮಟ್ಟಿಗೆ ಇದ್ರು."

"ಓಡೋ ರೈಲಲ್ಲಿ, ಸೀಟಿನಡಿ ಕಂಬಳಿ ಹೊದ್ದು ಮಲಗಿದವರನ್ನ ಕಣ್ಣಲ್ಲೇ ಎಳೆದು ಕೂರ್ಸಿದವಳು ನಾನು. ನಂಗೇ ಇಲ್ಲದ್ದು ಕಾಣುತ್ತಾ?" ಅವರು ತೋಳಿನ ಪಟ್ಟಿ ಬಿಚ್ಚಿ ಎಸೆದು ಮಗನ ಕಡೆ ತಿರುಗಿದರು. "ಲೇ, ನನ್ನ ಚೀಲ ತಗೊಂಡು ಬಾ. ಸಂಜೆ ರೈಲಿದೆ. ಅಣಬೆ ವಿಷ ಇದ್ರೆ ಇರ್ಲಿ, ನಮ್ಮ ಕಡಲಲ್ಲೂ ವಿಷದ ಮೀನಿದೆ. ಆದ್ರೆ ಇವರು ಬಡಿಸೋ ಮುಂಚೆ ಒಂದು ಮಾತು ಹೇಳ್ಲಿಲ್ಲ. ನನ್ನ ನಿದ್ರೆಗೆ ಒಳ್ಳೇದು ಅಂದ್ರು. ಆಸ್ಪತ್ರೆನ ಊರು ಅಂದ್ರು. ಇಂಥ ಮನೇಲಿ ನಾಳೆ ನಿಂಗೆ ಏನು ತಿನ್ಸಿ ಏನು ಹೇಳ್ತಾರೋ!"

ಶಾವ್‌ಯುನ್ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಅವಳ ಭುಜ ಅಲುಗುತ್ತಿತ್ತು. ಸೋಂಗ್ ಲೇ ಇಬ್ಬರು ಹೆಂಗಸರ ನಡುವೆ ನಿಂತು, ಎರಡೂ ಬದಿಯಿಂದ ಕೊರೆಯುತ್ತಾ ಬಂದು ನಡುವೆ ಕೂಡದೆ ಹೋದ ಸುರಂಗದಂತಾಗಿದ್ದ. ತಾಯಿ ಜೊತೆಯಲ್ಲೇ ತಂದು ಬಾಗಿಲ ಬಳಿ ಇಟ್ಟಿದ್ದ ಚೀಲದ ಕಡೆ ಒಂದು ಹೆಜ್ಜೆ ಇಟ್ಟ.

ಆಗ ವಾರ್ಡಿನ ಬಾಗಿಲು ತಳ್ಳಿಕೊಂಡು ಪುಟ್ಟ ಜನ ಒಳಗೆ ಬಂದರು.

ನಾಲ್ಕೈದು ಜನ. ಕೊಡೆಯಷ್ಟು ಅಗಲದ ಕೆಂಪು ಟೋಪಿ, ಮೇಲೆ ಬಿಳಿ ಚುಕ್ಕಿ, ಬಿಳಿ ಅಂಗಿ. ಕೈ ಕೈ ಹಿಡಿದುಕೊಂಡು ಸಾಲಾಗಿ ಬಂದು ಹಾಸಿಗೆಗಳ ಮುಂದೆ ನಿಂತು ನಮ್ಮನ್ನೇ ನೋಡಿದರು.

ಆ ಕ್ಷಣದಲ್ಲಿ ನಮ್ಮ ಊರಿನ ಜನ ನಡೆದುಕೊಂಡ ರೀತಿಯನ್ನು ನಾನು ಎಷ್ಟು ಸಲ ನೆನೆದರೂ ಬೇಸರವಾಗುವುದಿಲ್ಲ. ಗುಯಿಶಿಯೆನ್ ಕಂಬಳಿಯನ್ನು ಮೆಲ್ಲಗೆ ತಲೆಯ ಮೇಲಕ್ಕೆ ಎಳೆದುಕೊಂಡಳು. ನರ್ಸ್ ಖಾಲಿ ಬಾಟಲಿಯೊಂದನ್ನು ಬಲು ಶ್ರದ್ಧೆಯಿಂದ ಒರೆಸತೊಡಗಿದಳು. ನಾನು, ಜೀವಶಾಸ್ತ್ರ ಓದಿದವನು, ಸೂರು ನೋಡುತ್ತಾ ಮಲಗಿದೆ. ಡಾಕ್ಟರ್ ಯಿನ್ ಮಧ್ಯಾಹ್ನ ಮನೆಯಲ್ಲಿ ತಿಂದದ್ದೂ ಮುಟ್ಟಿದರೆ-ನೀಲಿಯೇ. ಅವರು ತಮ್ಮ ನಾಡಿ ತಾವೇ ಹಿಡಿದುಕೊಂಡು, ಪಕ್ಕದ ಖಾಲಿ ಹಾಸಿಗೆಯ ಮೇಲೆ ಸದ್ದಿಲ್ಲದೆ ಕುಳಿತರು. ಅಧಿಕಾರಿ ಗಾವ್ ಡಬ್ಬಿಯನ್ನು ಕೆಳಗಿಟ್ಟು, ಟೋಪಿ ತೆಗೆದು, "ಡಾಕ್ಟರೇ, ಅಲ್ಲಿ ಇನ್ನೂ ಸ್ವಲ್ಪ ಜಾಗ ಇದ್ಯಾ?" ಎಂದು ಸಣ್ಣ ದನಿಯಲ್ಲಿ ಕೇಳಿದರು. ತಾನು ಕಂಡದ್ದನ್ನು ಕಂಡೆ ಎಂದು ಹೇಳಲು ಯಾರಿಗೂ ಧೈರ್ಯವಿರಲಿಲ್ಲ.

ಬೀಗಿತ್ತಿ ಮಾತ್ರ, "ನೋಡಿ, ಇವರೇ," ಎಂದರು.

ನರ್ಸ್ ಅದೇ ಬಾಟಲಿಯನ್ನು ಇನ್ನೊಮ್ಮೆ ಒರೆಸಿದಳು.

ಪು ಗುವಾಂಗ್‌ಲಿನ್ ಹಾಸಿಗೆಯಿಂದ ಇಳಿದ. ಪುಟ್ಟ ಜನರನ್ನು ತುಳಿಯದಂತೆ ಸುತ್ತು ಬಳಸಿ ಹೋಗಿ ಬೀಗಿತ್ತಿಯ ಎದುರು ನಿಂತ.

"ಅಕ್ಕಾ, ನಂಗೂ ಕಾಣಿಸ್ತಿದ್ದಾರೆ."

"ಏನು?"

"ನೀವು ಹೇಳ್ದಂಗೇ ಇದ್ದಾರೆ. ಕೆಂಪು ಟೋಪಿ. ನಿಮ್ಮ ತಲೆಗೆ ಏನೂ ಆಗಿಲ್ಲ. ಆಗಿದ್ರೆ ನನ್ನ ತಲೆಗೂ ಅದೇ ಆಗಿದೆ, ಅದಕ್ಕೆ ನನ್ನ ಅಣಬೆನೇ ಕಾರಣ. ನಾನು ಹೇಳ್ಬೇಕಿತ್ತು. ಹೇಳಿದ್ರೆ ನೀವು ಎದ್ದು ಹೋಗ್ತೀರಿ ಅಂತ ಹೆದರ್ಕೊಂಡೆ. ನಿದ್ರೆ, ಎದೆಯುರಿ, ರಕ್ತದೊತ್ತಡ, ಇಲ್ಲಿ ತನಕ ಹೇಳಿದ ಗುಣ ಎಲ್ಲಾ ವಾಪಸ್ ತಗೊಂಡೆ. ಬೈಯೋದಾದ್ರೆ ನನ್ನ ಬೈಯಿರಿ. ಮಗಳು ಬೆಳಿಗ್ಗೆನೇ ಬಾಯಿ ಮುಚ್ಕೊಂಡಿರಿ ಅಂದಿದ್ಲು."

ಕಂಬಳಿಯೊಳಗಿಂದ ಗುಯಿಶಿಯೆನ್ ದನಿ ಬಂತು: "ರಕ್ತದೊತ್ತಡ ವಾಪಸ್ ತಗೊಂಡಿದ್ದು ಎಲ್ಲರೂ ಕೇಳಿಸ್ಕೊಂಡ್ರಲ್ಲ?"

ಅಷ್ಟರಲ್ಲಿ ಮಕ್ಕಳ ಹಿಂದಿನಿಂದ ಏದುಸಿರು ಬಿಡುತ್ತಾ ಒಬ್ಬ ಹುಡುಗಿ ಬಂದಳು. ಶಿಶುವಿಹಾರದ ಲಿಯಾಂಗ್ ಟೀಚರ್. "ಡಾಕ್ಟರೇ, ಬೇಗ ನೋಡಿ. ಇವನು ಟೋಪಿ ಚುಕ್ಕಿ ಕಿತ್ತು ಮೂಗಲ್ಲಿ ತೂರಿಸ್ಕೊಂಡಿದ್ದಾನೆ. ಕುಣಿವಾಗಲೇ ಬೆರಳಾಡಿಸ್ತಿದ್ದ. ಉಳಿದವರನ್ನ ನೋಡ್ಕೊಳ್ಳೋರಿಲ್ಲ ಅಂತ ಕರ್ಕೊಂಡೇ ಬಂದೆ."

ಡಾಕ್ಟರ್ ಯಿನ್ ಅವಳನ್ನು ನೋಡಿ ನಯವಾಗಿ ನಕ್ಕು, ಮತ್ತೆ ತಮ್ಮ ನಾಡಿ ಹಿಡಿದುಕೊಂಡರು. ಪುಟ್ಟ ಜನರ ಜೊತೆ ದೊಡ್ಡವರೂ ಬರುವುದುಂಟೇ ಎಂದು ಅವರು ಯೋಚಿಸುತ್ತಿದ್ದರೆಂದು ಆಮೇಲೆ ನನಗೆ ಹೇಳಿದರು.

"ಡಾಕ್ಟರೇ! ಯಾರಾದ್ರೂ ಮಾತಾಡ್ರೀ! ಏನಾಗಿದೆ ನಿಮಗೆಲ್ಲ?"

ಬೀಗಿತ್ತಿ ಎದ್ದರು. ಆ ಹುಡುಗನ ಗಲ್ಲ ಹಿಡಿದೆತ್ತಿ, ಮೂಗಿನೊಳಗೆ ಇಣುಕಿ, ಖಾಲಿ ಹೊಳ್ಳೆಯನ್ನು ಬೆರಳಿನಿಂದ ಒತ್ತಿ ಮುಚ್ಚಿ, "ಬಾಯಿ ಮುಚ್ಕೋ. ಊದು. ರೈಲು ಹೋಗ್ತಿದೆ ಅಂದ್ಕೊಂಡು ಊದು," ಎಂದರು. ಹುಡುಗ ಊದಿದ. ಬಿಳಿ ಚುಕ್ಕಿ ಹಾರಿಬಂದು ಅಧಿಕಾರಿ ಗಾವ್ ಅವರ ಕೆನ್ನೆಗೆ ಅಂಟಿಕೊಂಡಿತು. ಗಾವ್ ಅದನ್ನು ಮುಟ್ಟಿ ನೋಡಿದರು. ಅದು ನಿಜವಾಗಿಯೂ ಅಲ್ಲಿತ್ತು, ಒದ್ದೆಯಾಗಿತ್ತು.

"ಇವರು ಇದ್ದಾರೆ!" ಎಂದು ಗಾವ್ ಕೂಗಿದರು.

ಆಮೇಲಿನ ಗಲಾಟೆಯನ್ನು ವಿವರಿಸುವುದಿಲ್ಲ. ಎಲ್ಲರಿಗಿಂತ ಮೊದಲು ಹಾಸಿಗೆಯಿಂದ ಇಳಿದವರು ಡಾಕ್ಟರೇ ಎಂದಷ್ಟೇ ಹೇಳುತ್ತೇನೆ. ಮಕ್ಕಳು ತಮ್ಮನ್ನು ಕಂಡು ದೊಡ್ಡವರು ಇಷ್ಟು ಸಂತೋಷಪಟ್ಟದ್ದನ್ನು ಎಂದೂ ನೋಡಿರಲಿಲ್ಲವಾಗಿ ಎರಡು ಸಲ ಕುಣಿದು ತೋರಿಸಿದರು. ಪು ಮಾತ್ರ ಒಂದು ಮೂಲೆಯಲ್ಲಿ ನಿಂತಿದ್ದ. ತಲೆ ಸರಿಯಾಗಿದೆ ಎಂದು ಗೊತ್ತಾದ ಮೇಲೆ ಅವನ ಸ್ಥಿತಿ ಇನ್ನೂ ಕೆಟ್ಟಿತ್ತು. ಬೀಗಿತ್ತಿಗೆ ವಿಷ ತಾಗಿರಲಿಲ್ಲ, ಆದರೆ ಅವನು ಹೇಳಿದ ಸುಳ್ಳುಗಳೆಲ್ಲ ಹಾಗೇ ಉಳಿದಿದ್ದವು.

ಮಕ್ಕಳು ಹೋದ ಮೇಲೆ ಬೀಗಿತ್ತಿ ಕುರ್ಚಿಯಲ್ಲಿ ನೆಟ್ಟಗೆ ಕುಳಿತರು. ನಾವು ಎದುರು ಸಾಲಾಗಿ ನಿಂತೆವು. ಚೀಲ ಸೋಂಗ್ ಲೇ ಕೈಯಲ್ಲೇ ಇತ್ತು.

"ಟಿಕೆಟ್ ಇಲ್ಲದವರಲ್ಲಿ ಎರಡು ಜಾತಿ," ಎಂದರು ಅವರು. "ನಿದ್ದೆ ಬಂದ ಹಾಗೆ ನಟಿಸೋರು. ಎದ್ದು ನಿಂತು ಟಿಕೆಟ್ ಇಲ್ಲ ಅಂತ ಒಪ್ಕೊಳ್ಳೋರು. ಆ ಮಕ್ಕಳು ಬಂದಾಗ ಇಲ್ಲಿ ಎಲ್ಲರಿಗೂ ನಿದ್ದೆ ಬಂತು. ಓದಿದ ಮೇಷ್ಟ್ರಿಗೂ ಬಂತು."

ನಾನು ತಲೆಯಾಡಿಸಿದೆ.

"ಇವರೊಬ್ಬರು ಎದ್ದು ನಿಂತ್ರು. ತಲೆ ಕೆಟ್ಟಿದೆ ಅಂತ ಅಂದ್ಕೊಂಡೂ ನನ್ನ ಪಕ್ಕಕ್ಕೆ ಬಂದು ನಿಂತ್ರು." ಅವರು ಪು ಕಡೆ ನೋಡಿದರು. "ಎದ್ದಿದ್ದು ತಡ ಆಯ್ತು. ಮೂರು ಸ್ಟೇಷನ್ ದಾಟಿ ಆಗಿತ್ತು. ಆದ್ರೂ ಎದ್ರಿ."

"ಅಕ್ಕಾ..."

"ತಡೀರಿ. ಮದುವೆ ಆಗ್ಲಿ. ಇಲ್ಲೇ ಆಗ್ಲಿ. ಶಾನ್‌ತುಂಗಿಂದ ನಮ್ಮ ಕಡೆಯವರೆಲ್ಲ ಬರ್ತಾರೆ, ನನ್ನ ತಮ್ಮನೂ ಬರ್ತಾನೆ. ಒಂದೇ ಮಾತು. ಅವತ್ತು ನಮ್ಮವರು ಏನೇನು ನೋಡ್ತಾರೋ ಅದೆಲ್ಲ ನಿಜವಾಗ್ಲೂ ಅಲ್ಲಿ ಇರ್ಬೇಕು. ಈ ಅಣಬೆ ಕಾಲ ಮುಗೀಲಿ. ಚಳಿಗಾಲದಲ್ಲಿ ಇಟ್ಕೊಳ್ಳೋಣ."

ಶಾವ್‌ಯುನ್ ಕಣ್ಣೊರೆಸಿಕೊಂಡಳು. ಸೋಂಗ್ ಲೇ ಚೀಲ ಕೆಳಗಿಟ್ಟ. ಪು ಗುವಾಂಗ್‌ಲಿನ್ ಮಗಳ ಮದುವೆಗೆಂದು ಯಾವ ಯಾವ ಗುಡ್ಡದಿಂದ ಯಾವ ಯಾವ ಅಣಬೆ ತರಿಸಬೇಕೆಂದು ಅವಳು ಹುಟ್ಟಿದಾಗಿನಿಂದ ಲೆಕ್ಕ ಹಾಕಿದ್ದವನು. ಅವನ ತುಟಿ ಅಲುಗಿತು. ಒಣಗಿಸಿಟ್ಟ ಅಣಬೆಯ ಬಗ್ಗೆ ಏನೋ ಹೇಳಲು ಹೊರಟಿದ್ದ ಎಂದು ನನಗೆ ಖಂಡಿತವಾಗಿ ಗೊತ್ತು. ಹೆಂಡತಿ, ಮಗಳು, ಡಾಕ್ಟರು, ಅಧಿಕಾರಿ, ಎಲ್ಲರೂ ಅವನನ್ನೇ ನೋಡುತ್ತಿದ್ದೆವು.

ಅವನು ಬಹಳ ಕಷ್ಟಪಟ್ಟು ಆ ಮಾತನ್ನು ನುಂಗಿಕೊಂಡ.

"ಚಳಿಗಾಲ ಒಳ್ಳೇದು, ಅಕ್ಕಾ," ಎಂದ.

ಯಾವ ಕಾಯಿಲೆಗೆ ಒಳ್ಳೆಯದು ಎಂದು ಮಾತ್ರ ಹೇಳಲಿಲ್ಲ.